ಸರ್ವರ್ ಬಿದ್ದಾಗ ತೆರೆಯುವ ಹಿತ್ತಲ ಬಾಗಿಲು

ತಿಂಗಳ ಮೊದಲ ವಾರ. ನ್ಯಾಯಬೆಲೆ ಅಂಗಡಿಯ ಮುಂದೆ ಚೀಲ ಹಿಡಿದವರ ಸಾಲು. ಅಜ್ಜಿಯೊಬ್ಬರು ಬೆರಳಚ್ಚಿನ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತುತ್ತಾರೆ, ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತುತ್ತಾರೆ. ‘ಸರ್ವರ್ ಇಲ್ಲ ಅಜ್ಜಿ, ಮಧ್ಯಾಹ್ನದ ಮೇಲೆ ಬನ್ನಿ’ ಎನ್ನುತ್ತಾರೆ ಅಂಗಡಿಯವರು. ನಾಡಕಚೇರಿಗೆ ಜಾತಿ ಪ್ರಮಾಣಪತ್ರಕ್ಕೆಂದು ಬಂದ ವಿದ್ಯಾರ್ಥಿಗೂ, ಸಾಕ್ಷಿಗಳನ್ನು ಕರೆತಂದು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಬೆಳಗಿನಿಂದ ಕುಳಿತ ರೈತನಿಗೂ, ಬ್ಯಾಂಕಿನ ಕೌಂಟರಿನಲ್ಲಿ ಪಾಸ್‌ಬುಕ್ ಚಾಚಿದವರಿಗೂ ಸಿಗುವ ಉತ್ತರ ಇದೇ: ಸರ್ವರ್ ಡೌನ್.

ಈ ಎರಡು ಪದ ಈಗ ಹಳ್ಳಿಹಳ್ಳಿಗೂ ಗೊತ್ತು. ಆದರೆ ಬಿದ್ದದ್ದು ಎಲ್ಲಿ, ಎತ್ತುವವರು ಯಾರು, ಹೇಗೆ ಎತ್ತುತ್ತಾರೆ ಎನ್ನುವುದು ಕೌಂಟರಿನ ಆಚೆಗಿರುವವರಿಗೂ ಸ್ಪಷ್ಟವಿರುವುದಿಲ್ಲ. ಆ ಯಂತ್ರ ಇರುವುದು ನೂರಾರು ಕಿಲೋಮೀಟರ್ ದೂರದ ಡೇಟಾ ಸೆಂಟರಿನಲ್ಲಿ. ಅದನ್ನು ಸರಿಪಡಿಸಬೇಕಾದ ಎಂಜಿನಿಯರ್ ಇರುವುದು ಇನ್ನೊಂದು ಊರಿನಲ್ಲಿ, ಕೆಲವೊಮ್ಮೆ ಇನ್ನೊಂದು ಖಂಡದಲ್ಲಿ. ಇಬ್ಬರ ನಡುವಿನ ಮಾಮೂಲು ದಾರಿಯಾದ ನೆಟ್‌ವರ್ಕೇ ಕಡಿದುಹೋಗಿದ್ದರೆ? ಆಗ ನೆರವಿಗೆ ಬರುವುದು ಅರವತ್ತು ವರ್ಷಕ್ಕೂ ಹಳೆಯದಾದ ಒಂದು ತಂತ್ರ: ಸೀರಿಯಲ್ ಪೋರ್ಟ್. ಮುಂಬಾಗಿಲ ಚಿಲಕ ಒಳಗಿನಿಂದ ಸಿಕ್ಕಿಕೊಂಡ ಮನೆಗೆ ಹಿತ್ತಲ ಬಾಗಿಲಿದ್ದಂತೆ ಇದು.

ಪರದೆಯಿಲ್ಲದ ಯಂತ್ರಗಳು

ಡೇಟಾ ಸೆಂಟರಿನೊಳಗೆ ಹೊಕ್ಕವರಿಗೆ ಮೊದಲು ಅನುಭವಕ್ಕೆ ಬರುವುದು ಸದ್ದು ಮತ್ತು ಚಳಿ. ಸಾವಿರಾರು ಫ್ಯಾನುಗಳು ಒಟ್ಟಿಗೆ ತಿರುಗುವ ಅಬ್ಬರದಲ್ಲಿ ಪಕ್ಕದವರ ಮಾತೂ ಕೇಳಿಸದು. ಆಳೆತ್ತರದ ಕಬ್ಬಿಣದ ರ‍್ಯಾಕುಗಳಲ್ಲಿ ಸರ್ವರುಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರೆ. ತೆಳ್ಳನೆಯ ಸರ್ವರಿನ ದಪ್ಪ ನಾಲ್ಕೂವರೆ ಸೆಂಟಿಮೀಟರಿಗೂ ಕಡಿಮೆ. ಒಂದು ರ‍್ಯಾಕಿನಲ್ಲಿ ಸಾಮಾನ್ಯವಾಗಿ ಅಂಥ 42 ಯಂತ್ರಗಳಿಗೆ ಜಾಗವಿರುತ್ತದೆ. ಅವುಗಳಲ್ಲಿ ಯಾವುದಕ್ಕೂ ಪರದೆ ಇಲ್ಲ, ಕೀಬೋರ್ಡ್ ಇಲ್ಲ, ಮೌಸ್ ಇಲ್ಲ. ದಿನವಿಡೀ ಅಲ್ಲಿ ಯಾರೂ ಕೂರುವುದೂ ಇಲ್ಲ.

ಎಂಜಿನಿಯರುಗಳು ಈ ಯಂತ್ರಗಳೊಳಗೆ ಹೋಗುವುದು ನೆಟ್‌ವರ್ಕ್ ಮೂಲಕ, ಎಸ್‌ಎಸ್‌ಎಚ್‌ನಂಥ ಸುರಕ್ಷಿತ ಸಂಪರ್ಕ ಬಳಸಿ. ತಮ್ಮ ಲ್ಯಾಪ್‌ಟಾಪಿನಲ್ಲಿ ಕಪ್ಪು ಕಿಟಕಿಯೊಂದನ್ನು ತೆರೆದು ಆಜ್ಞೆ ಬರೆಯುತ್ತಾರೆ, ದೂರದ ಯಂತ್ರ ಉತ್ತರಿಸುತ್ತದೆ. ನೋಡಲು ಸರಳ. ಆದರೆ ಈ ಒಂದು ಸಂಪರ್ಕ ಬದುಕಿರಬೇಕಾದರೆ ನೆಟ್‌ವರ್ಕ್ ಕಾರ್ಡ್, ಅದನ್ನು ನಡೆಸುವ ತಂತ್ರಾಂಶ, ಐಪಿ ವಿಳಾಸ, ಫೈರ್‌ವಾಲ್, ಲಾಗಿನ್ ಸೇವೆ ಎಲ್ಲವೂ ಸರಿಯಿರಬೇಕು. ಎಲ್ಲಕ್ಕಿಂತ ಮೊದಲು, ಯಂತ್ರದ ಆಪರೇಟಿಂಗ್ ಸಿಸ್ಟಂ ಪೂರ್ತಿ ಎದ್ದು ನಿಂತಿರಬೇಕು.

ಕೆಡುವುದು ಇಲ್ಲಿಯೇ. ಫೈರ್‌ವಾಲಿನಲ್ಲಿ ಒಂದು ನಿಯಮ ತಪ್ಪಿ ಬರೆದರೆ ಬರೆದವರೇ ಹೊರಗುಳಿಯುತ್ತಾರೆ. ಡಿಸ್ಕುಗಳ ಪಟ್ಟಿಯ ಕಡತದಲ್ಲಿ ಒಂದು ಸಾಲು ತಪ್ಪಾದರೆ ಲಿನಕ್ಸ್ ಯಂತ್ರ ಮುಂದಿನ ಬಾರಿ ಅರ್ಧಕ್ಕೆ ನಿಂತು, ಆಡಳಿತಗಾರನ ಪಾಸ್‌ವರ್ಡ್ ಕೊಡಿ ಎಂದು ಕೇಳುತ್ತದೆ. ಡಿಸ್ಕ್ ಹಾಳಾಗಿದೆ, ರಿಪೇರಿ ಮಾಡಲೇ ಬೇಡವೇ ಎಂದು ಕೇಳಿ ಉತ್ತರಕ್ಕಾಗಿ ಗಂಟೆಗಟ್ಟಲೆ ಕಾಯುವುದೂ ಉಂಟು. ಯಂತ್ರ ಸತ್ತಿಲ್ಲ. ಅದಕ್ಕೊಂದು ಪ್ರಶ್ನೆಯಿದೆ. ಅದನ್ನು ಓದಲು ಅಲ್ಲಿ ಪರದೆಯಿಲ್ಲ, ಉತ್ತರಿಸಲು ಕೈಯಿಲ್ಲ.

ಒಂಬತ್ತು ಪಿನ್ನಿನ ಹಳೆಯ ದಾರಿ

ಸರ್ವರಿನ ಹಿಂಭಾಗದಲ್ಲಿ ಒಂಬತ್ತು ಪಿನ್ನುಗಳ ಒಂದು ಪುಟ್ಟ ಪೋರ್ಟ್ ಇರುತ್ತದೆ. ಕೆಲವು ಯಂತ್ರಗಳಲ್ಲಿ ಅದು ನೆಟ್‌ವರ್ಕ್ ಕೇಬಲಿನ ಸಾಕೆಟ್ಟಿನ ಆಕಾರದಲ್ಲೇ ಇರುತ್ತದೆ. ಎಂಬತ್ತು ತೊಂಬತ್ತರ ದಶಕದ ಕಂಪ್ಯೂಟರ್ ಕಂಡವರಿಗೆ ಇದರ ನೆನಪಿದ್ದೀತು; ಮೌಸು, ಮೋಡೆಮ್ಮುಗಳನ್ನು ಇದಕ್ಕೇ ಸಿಕ್ಕಿಸುತ್ತಿದ್ದರು. ಲ್ಯಾಪ್‌ಟಾಪುಗಳಿಂದ ಅದು ಮಾಯವಾಗಿ ವರ್ಷಗಳೇ ಆದವು. ಸರ್ವರ್, ರೌಟರ್, ಸ್ವಿಚ್ಚುಗಳಲ್ಲಿ ಮಾತ್ರ ಇಂದಿಗೂ ಉಳಿದುಕೊಂಡಿದೆ. ಬೆಂಗಳೂರಿನ ನೆಟ್‌ವರ್ಕ್ ಎಂಜಿನಿಯರುಗಳ ಬ್ಯಾಗಿನಲ್ಲಿ ತಿಳಿನೀಲಿ ಬಣ್ಣದ ಚಪ್ಪಟೆ ಕನ್ಸೋಲ್ ಕೇಬಲ್ ಇದ್ದೇ ಇರುತ್ತದೆ. ಲ್ಯಾಪ್‌ಟಾಪಿನ ಯುಎಸ್‌ಬಿಗೆ ಅದನ್ನು ಹೊಂದಿಸುವ ಪರಿವರ್ತಕ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತದೆ.

ಈ ಪೋರ್ಟಿನ ವಿದ್ಯುತ್ ನಿಯಮಗಳನ್ನು ಅಮೆರಿಕದ ಎಲೆಕ್ಟ್ರಾನಿಕ್ ಉದ್ಯಮದ ಸಂಘಟನೆ ಆರ್‌ಎಸ್-232 ಎಂಬ ಹೆಸರಿನಲ್ಲಿ ರೂಪಿಸಿದ್ದು 1960ರಲ್ಲಿ. ಬಹುಕಾಲ ಬಳಕೆಯಲ್ಲಿದ್ದ ಅದರ ‘ಸಿ’ ಆವೃತ್ತಿ ಬಂದದ್ದು 1969ರಲ್ಲಿ. ಆಗ ಕಂಪ್ಯೂಟರಿನ ಮುಂದೆ ಸಾಮಾನ್ಯವಾಗಿ ಪರದೆ ಇರುತ್ತಿರಲಿಲ್ಲ. ಟೆಲಿಟೈಪ್ ಎಂಬ ಭಾರಿ ಬೆರಳಚ್ಚು ಯಂತ್ರ ಇರುತ್ತಿತ್ತು. 1963ರ ಟೆಲಿಟೈಪ್ ಮಾದರಿ 33 ಸೆಕೆಂಡಿಗೆ ಹತ್ತು ಅಕ್ಷರಗಳನ್ನು ಕಾಗದದ ಮೇಲೆ ಕುಟ್ಟುತ್ತಿತ್ತು. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಬೆಳೆದದ್ದು ಅಂಥ ಯಂತ್ರಗಳ ಮುಂದೆ. ಅದರ ವಂಶದ ಲಿನಕ್ಸ್ ಇಂದಿಗೂ ಸೀರಿಯಲ್ ಪೋರ್ಟನ್ನು ‘ಟಿಟಿವೈ’ ಎಂದೇ ಗುರುತಿಸುತ್ತದೆ. ಆ ಮೂರಕ್ಷರ ಟೆಲಿಟೈಪಿನವು.

ಕೆಲಸ ಮಾಡುವ ರೀತಿ ಬಹಳ ಸರಳ. ಕಳುಹಿಸಲು ಒಂದು ತಂತಿ, ಪಡೆಯಲು ಒಂದು ತಂತಿ, ಎರಡಕ್ಕೂ ಸಮಾನವಾದ ನೆಲದ ತಂತಿ. ಇಷ್ಟಿದ್ದರೆ ಸಾಕು. ಒಂದು ಅಕ್ಷರವನ್ನು ಎಂಟು ಬಿಟ್‌ಗಳಾಗಿ ಒಡೆದು ಒಂದರ ಹಿಂದೊಂದು ಕಳಿಸುತ್ತಾರೆ. ಮೊದಲಿಗೆ ಆರಂಭ ಸೂಚಿಸಲು ಒಂದು ಬಿಟ್, ಕೊನೆಗೆ ಮುಗಿಯಿತೆನ್ನಲು ಇನ್ನೊಂದು. ಅಂದರೆ ಅಕ್ಷರಕ್ಕೆ ಹತ್ತು ಬಿಟ್. ಸೆಕೆಂಡಿಗೆ 9600 ಬಿಟ್‌ಗಳ ವೇಗದಲ್ಲಿ 960 ಅಕ್ಷರಗಳು ಸಾಗುತ್ತವೆ. ಸಾಲಿಗೆ 80 ಅಕ್ಷರದಂತೆ 25 ಸಾಲುಗಳ ಪರದೆ ತುಂಬಲು ಸುಮಾರು ಎರಡು ಸೆಕೆಂಡು ಸಾಕು. ಈಗ ಸಾಮಾನ್ಯವಾಗಿ 1,15,200ರ ವೇಗ ಬಳಸುವುದರಿಂದ ಕಣ್ಣಿಗೆ ತಡ ಕಾಣುವುದೇ ಇಲ್ಲ.

ಇಷ್ಟು ಹಳೆಯದು ಉಳಿದದ್ದು ಏಕೆ? ಇದಕ್ಕೆ ಹೆಚ್ಚೇನೂ ಬೇಡ. ಐಪಿ ವಿಳಾಸ ಬೇಡ, ಸ್ವಿಚ್ ಬೇಡ, ದೊಡ್ಡ ತಂತ್ರಾಂಶ ಬೇಡ. ಯುಎಆರ್‌ಟಿ ಎಂಬ ಚಿಪ್‌ನ ನಿಗದಿತ ಸ್ಥಾನದಲ್ಲಿ ಒಂದು ಬೈಟ್ ಬರೆದರೆ ಅಕ್ಷರ ಹೊರಟಿತು. ಹಾಗಾಗಿ ಯಂತ್ರ ಕಣ್ಣುಬಿಡುವ ಮೊದಲ ಕ್ಷಣದಲ್ಲೂ ಇದು ಮಾತಾಡಬಲ್ಲದು, ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್ ಕುಸಿದು ಬೀಳುವ ಕೊನೆಯ ಕ್ಷಣದಲ್ಲೂ ಮಾತಾಡಬಲ್ಲದು. ಡಿಸ್ಕಿಗೆ ಬರೆಯಲಾಗದ, ನೆಟ್‌ವರ್ಕಿಗೆ ಕಳಿಸಲಾಗದ ಸ್ಥಿತಿಯಲ್ಲಿ, ಎಲ್ಲಿ ಏನು ಕೆಟ್ಟಿತೆಂಬ ಸಾಲುಗಳನ್ನು ಯಂತ್ರ ಈ ತಂತಿಗೆ ಒಪ್ಪಿಸಿ ನಿಲ್ಲುತ್ತದೆ. ಕಾರಣ ಹುಡುಕುವವರಿಗೆ ಆ ಸಾಲುಗಳಿಗಿಂತ ಬೆಲೆಯುಳ್ಳದ್ದು ಬೇರೆ ಇಲ್ಲ.

ಒಂದೇ ಪೋರ್ಟು, ಹಲವು ಹಕ್ಕುದಾರರು

ಆ ಒಂದು ಪೋರ್ಟಿನ ಮೇಲೆ ಹಕ್ಕು ಮಾತ್ರ ಹಲವರದು. ಸರ್ವರಿಗೆ ವಿದ್ಯುತ್ ಕೊಟ್ಟೊಡನೆ ಮೊದಲು ಏಳುವ ತಂತ್ರಾಂಶವಾದ ಬಯೋಸ್ ತನ್ನ ಪರೀಕ್ಷೆಯ ವಿವರಗಳನ್ನು ಅಲ್ಲಿಗೆ ಸುರಿಯುತ್ತದೆ. ಅದು ಮುಗಿದ ಮೇಲೆ ಆಪರೇಟಿಂಗ್ ಸಿಸ್ಟಂ ಅನ್ನು ಎಬ್ಬಿಸುವ ಬೂಟ್‌ಲೋಡರ್ ಬಂದು ಯಾವ ಕರ್ನೆಲ್ ಬೇಕೆಂದು ಕೇಳುತ್ತದೆ. ಆಯ್ಕೆಯಾದ ಕರ್ನೆಲ್ ಎದ್ದು ನೂರಾರು ಸಾಲುಗಳ ವರದಿ ಒಪ್ಪಿಸುತ್ತದೆ. ಕಟ್ಟಕಡೆಗೆ ಲಾಗಿನ್ ಕಾಣುತ್ತದೆ. ನಾಲ್ಕು ಬೇರೆ ಬೇರೆ ತಂತ್ರಾಂಶಗಳು ಸರದಿಯಲ್ಲಿ ಒಂದೇ ತಂತಿಯನ್ನು ಕೈಬದಲಿಸಿಕೊಳ್ಳುವ ಕ್ರಮ ಇದು.

ನಾಲ್ಕೂ ಒಂದೇ ವೇಗಕ್ಕೆ ಒಪ್ಪಿರಬೇಕು. ಬಯೋಸಿನಲ್ಲಿ 1,15,200 ಇದ್ದು ಕರ್ನೆಲಿನಲ್ಲಿ 9600 ಇದ್ದರೆ, ಅರ್ಧದವರೆಗೆ ಚೆನ್ನಾಗಿ ಓದಿಸಿಕೊಂಡದ್ದು ಒಮ್ಮೆಲೇ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತದೆ. ಯಂತ್ರವೇ ಕೆಟ್ಟಿತೆಂದು ಹೊಸಬರು ಗಾಬರಿಯಾಗುತ್ತಾರೆ. ಇನ್ನೊಂದು ತೊಡಕು ಅಷ್ಟು ಸುಲಭವಾಗಿ ಕಾಣುವಂಥದಲ್ಲ. ಕರ್ನೆಲ್ ತನ್ನ ಸಂದೇಶಗಳನ್ನು ನಿಧಾನದ ಸೀರಿಯಲ್ ತಂತಿಗೆ ಬರೆಯುವಾಗ ಅವು ಹೊರಟು ಮುಗಿಯುವವರೆಗೆ ಕಾಯಬೇಕಾಗಬಹುದು. ಕೆಟ್ಟ ಡಿಸ್ಕೊಂದು ಸೆಕೆಂಡಿಗೆ ನೂರಾರು ದೂರುಗಳನ್ನು ಹೊರಡಿಸತೊಡಗಿದರೆ, ಬರೆಯುವ ಕೆಲಸವೇ ಇಡೀ ಸರ್ವರನ್ನು ಕುಂಟಿಸಬಲ್ಲದು. ಯಾವ ಮಟ್ಟದ ಸಂದೇಶ ಕನ್ಸೋಲಿಗೆ, ಅಂದರೆ ಈ ಸೀರಿಯಲ್ ತಂತಿಗೆ, ಹೋಗಬೇಕೆಂದು ಮೊದಲೇ ಮಿತಿ ಹಾಕಿಡುವುದು ಇದೇ ಕಾರಣಕ್ಕೆ.

ಹ್ಯಾಶ್ ಒತ್ತಿ, ಚುಕ್ಕೆ ಒತ್ತಿ

ಇಷ್ಟೆಲ್ಲ ಇದ್ದರೂ ಒಂದು ಕೊರತೆ ಉಳಿಯಿತು. ಯಂತ್ರ ಪೂರ್ತಿ ಸ್ತಬ್ಧವಾಗಿದ್ದರೆ, ಅಥವಾ ಆಫ್ ಆಗಿದ್ದರೆ, ತಂತಿಯ ಆ ತುದಿಯಲ್ಲಿ ಕೇಳುವವರೇ ಇಲ್ಲ. ಯಾರಾದರೂ ಹೋಗಿ ಗುಂಡಿ ಒತ್ತಲೇಬೇಕು. ಇದಕ್ಕೆ ಕಂಡುಕೊಂಡ ಉತ್ತರ, ಸರ್ವರಿನ ಹೊಟ್ಟೆಯೊಳಗೆ ಇನ್ನೊಂದು ಪುಟ್ಟ ಕಂಪ್ಯೂಟರನ್ನೇ ಕೂರಿಸುವುದು. ಪ್ಲಗ್ಗು ಗೋಡೆಯಲ್ಲಿರುವಷ್ಟು ಕಾಲ ಅದಕ್ಕೆ ಸಣ್ಣ ಪ್ರಮಾಣದ ವಿದ್ಯುತ್ ಸಿಗುತ್ತಿರುತ್ತದೆ. ದೊಡ್ಡ ಯಂತ್ರ ಮಲಗಿದ್ದರೂ ಇದು ಎದ್ದಿರುತ್ತದೆ. ಫ್ಯಾನಿನ ವೇಗ, ಒಳಗಿನ ಶಾಖ, ವೋಲ್ಟೇಜುಗಳ ಮೇಲೆ ಕಣ್ಣಿಟ್ಟಿರುತ್ತದೆ. ಹೇಳಿದರೆ ದೊಡ್ಡ ಯಂತ್ರವನ್ನು ಆನ್ ಮಾಡುತ್ತದೆ, ಆಫ್ ಮಾಡುತ್ತದೆ.

ಆ ಪುಟ್ಟ ಕಂಪ್ಯೂಟರಿನೊಡನೆ ಮಾತಾಡಲು ಬೇರೆಯೇ ಪೋರ್ಟ್ ಕೊಡಬಹುದಿತ್ತು. ಆದರೆ ಪೋರ್ಟ್ ಹೆಚ್ಚಿದಂತೆ ಕೇಬಲ್ ಹೆಚ್ಚುತ್ತದೆ, ಅದರ ಆಚೆ ತುದಿಯಲ್ಲಿ ಬೇಕಾದ ಉಪಕರಣವೂ ಹೆಚ್ಚುತ್ತದೆ. ನೂರು ಸರ್ವರಿದ್ದರೆ ಇನ್ನೂರು ಕೇಬಲ್. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ತನ್ನ ನೆಟ್ರಾ ಸಾಲಿನ ತೆಳು ಸರ್ವರುಗಳಲ್ಲಿ ಬೇರೆ ದಾರಿ ಹಿಡಿಯಿತು. 2001ರ ನೆಟ್ರಾ ಎಕ್ಸ್1 ಇದಕ್ಕೊಳ್ಳೆಯ ಉದಾಹರಣೆ. ಅದರ ಮೊದಲ ಸೀರಿಯಲ್ ಪೋರ್ಟನ್ನು ಸೊಲಾರಿಸ್ ಆಪರೇಟಿಂಗ್ ಸಿಸ್ಟಂ ಮತ್ತು ‘ಲಾಮ್’ ಎಂಬ ಆ ಪುಟ್ಟ ನಿರ್ವಾಹಕ ಇಬ್ಬರೂ ಹಂಚಿಕೊಂಡಿದ್ದರು. ದೀಪ ಆರಿಸಿದ, ಮನುಷ್ಯರಿಲ್ಲದ ಕೋಣೆಯಲ್ಲಿ ಯಂತ್ರ ನಡೆಸುವುದಕ್ಕೆಂದೇ ಮಾಡಿದ ವ್ಯವಸ್ಥೆ ಅದು.

ಹಂಚಿಕೆಯ ಸೂತ್ರ ಎರಡು ಕೀಲಿಗಳಲ್ಲಿತ್ತು. ಸೊಲಾರಿಸ್‌ನಲ್ಲಿ ಕೆಲಸ ಮಾಡುತ್ತಿರುವಾಗ ಹ್ಯಾಶ್ (#) ಒತ್ತಿ ಚುಕ್ಕೆ ಒತ್ತಿದರೆ ತಂತಿ ಲಾಮ್‌ನ ವಶಕ್ಕೆ ಬರುತ್ತಿತ್ತು. ಅಲ್ಲಿ ‘ಪವರ್‌ಆಫ್’ ಎಂದು ಬರೆದರೆ ಯಂತ್ರ ಆರುತ್ತಿತ್ತು, ‘ಪವರ್‌ಆನ್’ ಎಂದರೆ ಏಳುತ್ತಿತ್ತು. ‘ಕನ್ಸೋಲ್’ ಎಂದು ಬರೆದರೆ ತಂತಿ ಮತ್ತೆ ಸೊಲಾರಿಸ್‌ಗೆ. ಮೂರು ತಂತಿಯ ಒಂದು ಕೇಬಲ್, ಅದರೊಳಗೆ ಇಬ್ಬರು. ಸನ್ ಕಂಪನಿ 2010ರಲ್ಲಿ ಒರಾಕಲ್ ಪಾಲಾದರೂ ಆ ಹ್ಯಾಶ್ ಮತ್ತು ಚುಕ್ಕೆ ಹಳಬರ ಬೆರಳುಗಳಲ್ಲಿ ಉಳಿದಿದೆ.

ಬೇರೆ ಕಂಪನಿಗಳೂ ಇದೇ ಹಾದಿಯಲ್ಲಿದ್ದವು. ಇಂಟೆಲ್, ಎಚ್‌ಪಿ, ಡೆಲ್, ಎನ್‌ಇಸಿ ಸೇರಿ 1998ರಲ್ಲಿ ಐಪಿಎಂಐ ಎಂಬ ಸಾಮಾನ್ಯ ನಿಯಮಾವಳಿ ತಂದವು. ಪುಟ್ಟ ಕಂಪ್ಯೂಟರಿಗೆ ಬಿಎಂಸಿ ಎಂಬ ಹೆಸರು ನೆಲೆಯಾಯಿತು. ಸೀರಿಯಲ್ ಪೋರ್ಟನ್ನು ಬಿಎಂಸಿ ಮತ್ತು ಮುಖ್ಯ ಯಂತ್ರ ಹೇಗೆ ಹಂಚಿಕೊಳ್ಳಬೇಕು, ಯಾವ ಕೀಲಿಗಳಿಂದ ಸರದಿ ಬದಲಾಗಬೇಕು ಎಂಬುದು ನಿಯಮವಾಗಿಯೇ ಬಂತು. ಡೆಲ್ ಸರ್ವರುಗಳಲ್ಲಿ ಎಸ್ಕೇಪ್ ಒತ್ತಿ ಶಿಫ್ಟ್ ಜೊತೆ 9 ಒತ್ತಿದರೆ ತಂತಿ ನಿರ್ವಾಹಕನ ಕಡೆಗೆ, ಎಸ್ಕೇಪ್ ಒತ್ತಿ ಶಿಫ್ಟ್ ಜೊತೆ ಕ್ಯೂ ಒತ್ತಿದರೆ ಸರ್ವರಿನ ಕಡೆಗೆ ತಿರುಗುತ್ತದೆ.

ಬ್ರೇಕ್ ಎಂಬ ಅಪಾಯ

ಸೀರಿಯಲ್ ತಂತಿಯಲ್ಲಿ ಅಕ್ಷರವಲ್ಲದ ಒಂದು ಸಂಕೇತವೂ ಇದೆ. ತಂತಿಯನ್ನು ಒಂದು ಅಕ್ಷರಕ್ಕೆ ಹಿಡಿಯುವ ಸಮಯಕ್ಕಿಂತ ಹೆಚ್ಚು ಹೊತ್ತು ‘ಸೊನ್ನೆ’ಯ ಸ್ಥಿತಿಯಲ್ಲೇ ಹಿಡಿದಿಟ್ಟರೆ ಅದಕ್ಕೆ ಬ್ರೇಕ್ ಎನ್ನುತ್ತಾರೆ. ಸ್ತಬ್ಧವಾದ ಯಂತ್ರದ ಗಮನ ಸೆಳೆಯಲು ಇದು ಬಹಳ ಉಪಯುಕ್ತ. ಲಿನಕ್ಸ್‌ನಲ್ಲಿ ಆ ಸೌಲಭ್ಯ ತೆರೆದಿಟ್ಟಿದ್ದರೆ, ಬ್ರೇಕ್ ಕಳಿಸಿ ಐದು ಸೆಕೆಂಡಿನೊಳಗೆ ಒಂದು ಕೀಲಿ ಒತ್ತಿದರೆ ಕರ್ನೆಲ್ ನೇರವಾಗಿ ಪಾಲಿಸುತ್ತದೆ: ಡಿಸ್ಕಿಗೆ ಬರೆಯಬೇಕಾದ್ದನ್ನು ಬರೆದುಬಿಡು, ಈಗಲೇ ಮರುಚಾಲನೆಯಾಗು ಎಂಬಂಥ ಆಜ್ಞೆಗಳನ್ನು.

ಸನ್ ಯಂತ್ರಗಳಲ್ಲಿ ಬ್ರೇಕ್ ಬಂದೊಡನೆ ಸೊಲಾರಿಸ್ ನಿಂತಲ್ಲೇ ನಿಂತು, ಯಂತ್ರವನ್ನು ಎಬ್ಬಿಸುವ ಕೆಳಗಿನ ಓಪನ್‌ಬೂಟ್ ಹಂತ ಕಾಣಿಸಿಕೊಳ್ಳುತ್ತಿತ್ತು. ಸಮಸ್ಯೆ ಎಂದರೆ, ತಂತಿಯ ಇನ್ನೊಂದು ತುದಿಯಲ್ಲಿರುವ ಟರ್ಮಿನಲನ್ನು ಆಫ್ ಮಾಡಿ ಆನ್ ಮಾಡಿದರೂ ತಂತಿಯ ವೋಲ್ಟೇಜ್ ಕುಸಿದು ಅದು ಬ್ರೇಕ್‌ನಂತೆಯೇ ಕಾಣಬಹುದಿತ್ತು. ಯಾರೋ ಒಬ್ಬರು ಪಕ್ಕದ ಉಪಕರಣದ ಪ್ಲಗ್ ಕಿತ್ತರೆ, ಅದಕ್ಕೆ ಜೋಡಿಸಿದ್ದ ಅಷ್ಟೂ ಸರ್ವರುಗಳು ನಿಲ್ಲುವ ಸಂಭವ! ಹಾಗಾಗಿ ಸೊಲಾರಿಸ್‌ನಲ್ಲಿ ಬದಲಿ ವ್ಯವಸ್ಥೆ ಬಂತು. ಎಂಟರ್ ಒತ್ತಿ, ಟಿಲ್ಡೆ ಚಿಹ್ನೆ ಒತ್ತಿ, ಕಂಟ್ರೋಲ್ ಜೊತೆ ‘ಬಿ’ ಒತ್ತಿದರೆ ಮಾತ್ರ ಬ್ರೇಕ್ ಎಂದು ತಿಳಿಯುವಂತೆ ಹೊಂದಿಸಬಹುದಾಯಿತು. ಪ್ಲಗ್ ಕಿತ್ತಾಗ ಆ ಮೂರು ಕೀಲಿಗಳು ಅದೇ ಕ್ರಮದಲ್ಲಿ ಆಕಸ್ಮಿಕವಾಗಿ ಹೊರಡುವುದಿಲ್ಲ.

ತಂತಿಯಿಲ್ಲದ ಸೀರಿಯಲ್

ಆರ್‌ಎಸ್-232 ಕೇಬಲಿನ ಹಳೆಯ ಮಿತಿ ಸುಮಾರು 15 ಮೀಟರ್. ಅದರಾಚೆಗೆ ಹೋಗಬೇಕಾದರೆ ಪೋರ್ಟಿಗೆ ಮೋಡೆಮ್ ಜೋಡಿಸಿ ದೂರವಾಣಿ ಮೂಲಕ ಡಯಲ್ ಮಾಡುತ್ತಿದ್ದರು. ಆಮೇಲೆ ಕನ್ಸೋಲ್ ಸರ್ವರ್ ಎಂಬ ಪೆಟ್ಟಿಗೆಗಳು ಬಂದವು. ಒಂದು ಕಡೆ ಹದಿನಾರೋ ಮೂವತ್ತೆರಡೋ ಸೀರಿಯಲ್ ಪೋರ್ಟುಗಳು, ಇನ್ನೊಂದು ಕಡೆ ನೆಟ್‌ವರ್ಕ್. ರ‍್ಯಾಕಿನ ಎಲ್ಲ ಸರ್ವರುಗಳ ಸೀರಿಯಲ್ ತಂತಿಗಳನ್ನು ಅದಕ್ಕೆ ತಂದು ಸೇರಿಸಿದರೆ, ದೂರದಿಂದ ಬೇಕಾದ ಪೋರ್ಟಿಗೆ ಹೊಕ್ಕು ಕೆಲಸ ಮಾಡಬಹುದು. ಇಂದಿನ ಕನ್ಸೋಲ್ ಸರ್ವರುಗಳಲ್ಲಿ ಮೊಬೈಲ್ ಸಿಮ್ ಹಾಕುವ ಸೌಲಭ್ಯವೂ ಇರುತ್ತದೆ.

2004ರಲ್ಲಿ ಬಂದ ಐಪಿಎಂಐ ಎರಡನೆಯ ಆವೃತ್ತಿ ಕೇಬಲನ್ನೂ ಕಳಚಿಹಾಕಿತು. ಮುಖ್ಯ ಯಂತ್ರ ತಾನು ಸೀರಿಯಲ್ ಪೋರ್ಟಿಗೇ ಬರೆಯುತ್ತಿದ್ದೇನೆಂದು ಎಂದಿನಂತೆ ಅಕ್ಷರ ಕಳಿಸುತ್ತದೆ. ಬಿಎಂಸಿ ಅವನ್ನು ಒಳಗೇ ಹಿಡಿದು, ನೆಟ್‌ವರ್ಕ್ ಪೊಟ್ಟಣಗಳಲ್ಲಿ ತುಂಬಿ, ಎಂಜಿನಿಯರಿನ ಲ್ಯಾಪ್‌ಟಾಪಿಗೆ ರವಾನಿಸುತ್ತದೆ. ಅತ್ತಲಿಂದ ಬಂದದ್ದನ್ನು ಬಿಚ್ಚಿ ಯಂತ್ರಕ್ಕೆ ಕೊಡುತ್ತದೆ. ಸೀರಿಯಲ್ ಓವರ್ ಲ್ಯಾನ್ ಎಂಬುದು ಇದರ ಹೆಸರು. ‘ಮೋಡ’ದಲ್ಲಿರುವ, ಅಂದರೆ ಕ್ಲೌಡ್ ಸರ್ವರುಗಳಿಗೂ ಇಂಥ ಸೌಲಭ್ಯ ಬಂದಿದೆ. ಅಮೆಜಾನ್ ತನ್ನ ಕ್ಲೌಡ್ ಯಂತ್ರಗಳಿಗೆ ಸೀರಿಯಲ್ ಕನ್ಸೋಲ್ ಕೊಟ್ಟದ್ದು 2021ರಲ್ಲಿ. ಮೈಕ್ರೋಸಾಫ್ಟ್, ಗೂಗಲ್ ಕೂಡ ಅದನ್ನು ಕೊಡುತ್ತವೆ. ಯಂತ್ರವೇ ತೋರಿಕೆಯದಾದರೂ, ಅದರ ಪೋರ್ಟು ತೋರಿಕೆಯದಾದರೂ, ಮಾತು ಮಾತ್ರ 1960ರ ದಶಕದ್ದೇ.

ನಮ್ಮ ಕಡೆಯವರಿಗೆ ಇದರಲ್ಲಿ ವಿಶೇಷ ಅನುಕೂಲವೊಂದಿದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಉಪಗ್ರಹ ಸಂಪರ್ಕದೊಡನೆ ಬೆಂಗಳೂರಿಗೆ ಬಂದಂದಿನಿಂದ ದೂರದ ಯಂತ್ರಗಳ ಮೇಲಿನ ಕೆಲಸ ಇಲ್ಲಿ ನಡೆದೇ ಇದೆ. ಅಮೆರಿಕ, ಯುರೋಪಿನ ಸರ್ವರುಗಳನ್ನು ರಾತ್ರಿ ಪಾಳಿಯಲ್ಲಿ ನೋಡಿಕೊಳ್ಳುವುದು ಇಲ್ಲಿ ದೊಡ್ಡ ಉದ್ಯೋಗ. ಕೋವಿಡ್ ಕಾಲದಲ್ಲಿ ಅವರಲ್ಲಿ ಅನೇಕರು ಊರುಗಳಿಗೆ ಮರಳಿ ಕೆಲಸ ಮಾಡಿದರು. ಮಲೆನಾಡಿನ ಮಳೆಗಾಲದಲ್ಲಿ ನೆಟ್‌ವರ್ಕ್ ಎಳೆಯಷ್ಟಾದಾಗ ದೂರದ ಪರದೆಯ ಚಿತ್ರ ತೋರಿಸುವ ವ್ಯವಸ್ಥೆಗಳು ಉಸಿರುಗಟ್ಟುತ್ತವೆ. ಸೀರಿಯಲ್ ಕನ್ಸೋಲಿಗೆ ಅಕ್ಷರಗಳಷ್ಟೇ ಸಾಕು. 1,15,200ರ ವೇಗದಲ್ಲೂ ಅದು ಸೆಕೆಂಡಿಗೆ ಕಳಿಸುವುದು 11,520 ಅಕ್ಷರಗಳನ್ನು. ಒಂದು ಸಾಧಾರಣ ಫೋಟೋಗೆ ಹೋಲಿಸಿದರೆ ಅದು ಏನೇನೂ ಅಲ್ಲ.

ಬರೆಯುವವರು ಒಬ್ಬರು, ನೋಡುವವರು ಹಲವರು

ಯಂತ್ರದ ಈಚೆಗೂ ಪೋರ್ಟ್ ಹಂಚಿಕೆಯಾಗುತ್ತದೆ, ಮನುಷ್ಯರ ನಡುವೆ. ದೊಡ್ಡ ಸರ್ವರ್ ಬಿದ್ದಾಗ ಅದನ್ನು ನೋಡಲು ನಾಲ್ಕೈದು ಜನ ಒಟ್ಟಿಗೆ ಧಾವಿಸುತ್ತಾರೆ. ಇಬ್ಬರು ಏಕಕಾಲಕ್ಕೆ ಆಜ್ಞೆ ಬರೆದರೆ ಅಕ್ಷರಗಳು ಕಲಸಿಕೊಂಡು ಯಾರೂ ಬರೆಯದ ಮೂರನೆಯ ಆಜ್ಞೆ ಹುಟ್ಟಬಹುದು. ಕನ್‌ಸರ್ವರ್ ಎಂಬ ಮುಕ್ತ ತಂತ್ರಾಂಶ ಇದಕ್ಕೆ ಒಳ್ಳೆಯ ಶಿಸ್ತು ತಂದಿತು. ಒಂದು ಕನ್ಸೋಲಿನಲ್ಲಿ ಬರೆಯುವ ಹಕ್ಕು ಒಮ್ಮೆಗೆ ಒಬ್ಬರಿಗೆ. ಉಳಿದವರು ನೋಡಬಹುದು. ಅಗತ್ಯ ಬಿದ್ದರೆ ಹಕ್ಕನ್ನು ಕೇಳಿ ಕಸಿದುಕೊಳ್ಳಬಹುದು. ಯಾರು ಕಸಿದರೆಂದು ಎಲ್ಲರಿಗೂ ಕಾಣುತ್ತದೆ. ಯಾರೂ ನೋಡದಿರುವಾಗಲೂ ಯಂತ್ರ ಹೇಳಿದ್ದೆಲ್ಲ ಕಡತದಲ್ಲಿ ದಾಖಲಾಗುತ್ತಿರುತ್ತದೆ. ಸರ್ವರ್ ನಡುರಾತ್ರಿ ಕುಸಿದರೆ ಬೆಳಿಗ್ಗೆ ಆ ಕಡತ ತೆರೆದು ಓದಬಹುದು. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಉಪಕಾರಿಯಾದ ಭಾಗ ಈ ದಾಖಲೆಯೇ.

ಸೀರಿಯಲ್ ಓವರ್ ಲ್ಯಾನ್‌ನಲ್ಲಿ ಸಾಮಾನ್ಯವಾಗಿ ಒಮ್ಮೆಗೆ ಒಬ್ಬರಿಗಷ್ಟೇ ಜಾಗ. ಮೊದಲು ಹೊಕ್ಕವರು ಸರಿಯಾಗಿ ಹೊರಬರದಿದ್ದರೆ ಎರಡನೆಯವರಿಗೆ ‘ಈಗಾಗಲೇ ಬಳಕೆಯಲ್ಲಿದೆ’ ಎಂಬ ಉತ್ತರ ಬರುತ್ತದೆ. ಇಲ್ಲೊಂದು ಸಾಮಾನ್ಯ ಎಡವಟ್ಟು ಇದೆ. ಸೀರಿಯಲ್ ಸಂಪರ್ಕ ಮುಗಿಸಲು ಟಿಲ್ಡೆ ಮತ್ತು ಚುಕ್ಕೆ ಒತ್ತಬೇಕು. ಎಸ್‌ಎಸ್‌ಎಚ್ ಮುಗಿಸುವ ಸಂಕೇತವೂ ಅದೇ! ಎಸ್‌ಎಸ್‌ಎಚ್ ಮೂಲಕ ಒಂದು ಯಂತ್ರಕ್ಕೆ ಹೋಗಿ, ಅಲ್ಲಿಂದ ಸೀರಿಯಲ್ ತೆರೆದವರು ಹಾಗೆ ಒತ್ತಿದರೆ ಕಡಿಯುವುದು ಹೊರಗಿನ ಸಂಪರ್ಕ. ಒಳಗಿನದು ಅಲ್ಲೇ ನೇತಾಡುತ್ತ ಉಳಿಯುತ್ತದೆ. ಟಿಲ್ಡೆಯನ್ನು ಎರಡು ಬಾರಿ ಒತ್ತಿ ಚುಕ್ಕೆ ಒತ್ತಿದರೆ ಒಳಗಿನದು ಮುಗಿಯುತ್ತದೆ.

ಇದಕ್ಕಿಂತ ಗಂಭೀರವಾದದ್ದು ಲಾಗೌಟ್ ಮಾಡದೆ ಏಳುವುದು. ಎಸ್‌ಎಸ್‌ಎಚ್ ಕಡಿದರೆ ಒಳಗಿನ ಲಾಗಿನ್ನೂ ಮುಗಿಯುತ್ತದೆ. ಮೂರು ತಂತಿಯ ಸೀರಿಯಲ್ ಸಂಪರ್ಕದಲ್ಲಿ ಈಚೆಯವರು ಎದ್ದುಹೋದದ್ದು ಯಂತ್ರಕ್ಕೆ ತಿಳಿಯುವುದೇ ಇಲ್ಲ. ಅದನ್ನು ತಿಳಿಸುವ ತಂತಿಯೇ ಅಲ್ಲಿರುವುದಿಲ್ಲ. ಮುಂದೆ ಆ ಪೋರ್ಟಿಗೆ ಬಂದವರಿಗೆ ಪಾಸ್‌ವರ್ಡ್ ಇಲ್ಲದೆಯೇ ಆಡಳಿತಗಾರನ ಪೂರ್ಣ ಅಧಿಕಾರ ಸಿಕ್ಕಿಬಿಡುತ್ತದೆ. ಕೆಲವು ನಿಮಿಷ ಏನೂ ಬರೆಯದಿದ್ದರೆ ತಾನಾಗಿ ಲಾಗೌಟ್ ಆಗುವಂತೆ ಹೊಂದಿಸಿಡುವುದು ಎಲ್ಲರೂ ಮಾಡಬೇಕಾದ ಕೆಲಸ.

ದಾರಿಯೇ ಮುಚ್ಚಿಹೋದ ದಿನಗಳು

ಎರಡನೆಯ ದಾರಿ ಎಷ್ಟು ಮುಖ್ಯವೆಂದು ಜಗತ್ತಿಗೆ ತಿಳಿದದ್ದು 2021ರ ಅಕ್ಟೋಬರ್ 4ರಂದು. ಅಂದು ಭಾರತದಲ್ಲಿ ರಾತ್ರಿ ಒಂಬತ್ತು ದಾಟುತ್ತಿದ್ದಂತೆ ವಾಟ್ಸ್‌ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಒಟ್ಟಿಗೆ ನಿಂತವು. ನಿರ್ವಹಣೆಯ ವೇಳೆ ನೀಡಿದ ಒಂದು ಆಜ್ಞೆ ಕಂಪನಿಯ ಡೇಟಾ ಸೆಂಟರುಗಳನ್ನು ಬೆಸೆದಿದ್ದ ಬೆನ್ನೆಲುಬಿನ ಜಾಲವನ್ನೇ ಕಡಿದುಹಾಕಿತ್ತು. ಮಾಮೂಲು ಸಂಪರ್ಕದ ಜೊತೆಗೆ ಅಂಥ ಹೊತ್ತಿಗೆಂದೇ ಇದ್ದ ಪ್ರತ್ಯೇಕ ಸಂಪರ್ಕವೂ ಕೈಕೊಟ್ಟಿತೆಂದು ಕಂಪನಿಯೇ ಆಮೇಲೆ ವಿವರಿಸಿತು. ಎಂಜಿನಿಯರುಗಳನ್ನು ಡೇಟಾ ಸೆಂಟರುಗಳಿಗೆ ಕಳಿಸಬೇಕಾಯಿತು. ಹೊರಗಿನವರು ಸುಲಭಕ್ಕೆ ಒಳಹೋಗದಂತೆ, ಹೋದರೂ ಯಂತ್ರ ಮುಟ್ಟದಂತೆ ಕಟ್ಟಿದ ಕಟ್ಟಡಗಳು ಅವು. ಸೇವೆಗಳು ಮರಳಲು ಸುಮಾರು ಆರು ಗಂಟೆ ಹಿಡಿಯಿತು.

ಮರುವರ್ಷ ಜುಲೈ 8ರಂದು ಕೆನಡಾದ ರೋಜರ್ಸ್ ದೂರಸಂಪರ್ಕ ಕಂಪನಿಯ ಸರದಿ. ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಫೋನೂ ಇಲ್ಲ, ಇಂಟರ್‌ನೆಟ್ಟೂ ಇಲ್ಲ. ತುರ್ತು ಕರೆಗಳೂ, ಡೆಬಿಟ್ ಪಾವತಿಗಳೂ ನಿಂತವು. ಯಂತ್ರಗಳನ್ನು ನಿರ್ವಹಿಸುವ ಜಾಲ ಅದೇ ಮುಖ್ಯ ಜಾಲದ ಮೇಲೆ ನಿಂತಿತ್ತು. ಮುಖ್ಯ ಜಾಲ ಬಿದ್ದಾಗ ಅದನ್ನು ಎತ್ತಬೇಕಾದ ದಾರಿಯೂ ಅದರೊಡನೆ ಬಿತ್ತು. ಸಿಬ್ಬಂದಿಯ ಫೋನುಗಳೂ ಅದೇ ಕಂಪನಿಯವು. ಒಬ್ಬರನ್ನೊಬ್ಬರು ಸಂಪರ್ಕಿಸುವುದೂ ಕಷ್ಟವಾಯಿತು.

2024ರ ಜುಲೈ 19ರ ಕ್ರೌಡ್‌ಸ್ಟ್ರೈಕ್ ಪ್ರಕರಣ ಇನ್ನೂ ನೆನಪಿನಲ್ಲಿದೆ. ಭದ್ರತಾ ತಂತ್ರಾಂಶದ ದೋಷಪೂರಿತ ಅಪ್‌ಡೇಟ್ ಒಂದರಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವೆಂದು ಮೈಕ್ರೋಸಾಫ್ಟ್ ಅಂದಾಜಿಸಿತು. ಭಾರತದ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸುಗಳನ್ನು ಕೊಟ್ಟರು. ಒಂದು ಕಡತ ಅಳಿಸಿದರೆ ಯಂತ್ರ ಸರಿಯಾಗುತ್ತಿತ್ತು. ಅಳಿಸಲು ಅದು ಎದ್ದೇಳುತ್ತಲೇ ಇರಲಿಲ್ಲ. ಬಿಎಂಸಿಯೋ ಬೇರೆ ಯಾವುದೋ ಹೊರದಾರಿಯೋ ಇದ್ದ ಯಂತ್ರಗಳನ್ನು ಕುಳಿತಲ್ಲಿಂದ ಸರಿಪಡಿಸಲು ಸಾಧ್ಯವಿತ್ತು. ಇಲ್ಲದ ಯಂತ್ರಗಳ ಮುಂದೆ ಒಬ್ಬೊಬ್ಬರಾಗಿ ಹೋಗಿ ಕೂರಬೇಕಾಯಿತು.

ಬಾಗಿಲಿದ್ದಲ್ಲಿ ಬೀಗವೂ ಬೇಕು

ಯಂತ್ರ ಆಫ್ ಆಗಿದ್ದರೂ ಒಳಹೋಗಬಹುದಾದ ದಾರಿ ಕಳ್ಳನ ಕಣ್ಣಿಗೆ ಬೀಳದೆ ಇರುವುದಿಲ್ಲ. ಕನ್ಸೋಲ್ ಸಿಕ್ಕಿದರೆ ಯಂತ್ರದ ಮುಂದೆಯೇ ನಿಂತಷ್ಟು ಅಧಿಕಾರ ಸಿಕ್ಕಂತೆ. ಬೂಟ್‌ಲೋಡರಿಗೆ ಪಾಸ್‌ವರ್ಡ್ ಇಲ್ಲದಿದ್ದರೆ ಆಡಳಿತಗಾರನ ಪಾಸ್‌ವರ್ಡನ್ನೇ ಬದಲಿಸಿಬಿಡಬಹುದು. ಐಪಿಎಂಐ ನಿಯಮಗಳಲ್ಲೇ ದೌರ್ಬಲ್ಯಗಳಿದ್ದವು. ಎರಡನೆಯ ಆವೃತ್ತಿಯಲ್ಲಿ, ಬಳಕೆದಾರರ ಹೆಸರು ಗೊತ್ತಿದ್ದವರು ಕೇಳಿದರೆ ಸಾಕು, ಗುರುತು ಖಚಿತವಾಗುವ ಮೊದಲೇ ಬಿಎಂಸಿ ಪಾಸ್‌ವರ್ಡಿನ ‘ಹ್ಯಾಶ್’ ಎಂಬ ಮರೆಮಾಚಿದ ರೂಪವನ್ನು ಕೊಟ್ಟುಬಿಡುತ್ತದೆ. ಅದನ್ನು ಮನೆಗೊಯ್ದು ಪುರುಸೊತ್ತಿನಲ್ಲಿ ಒಡೆಯಬಹುದು. ಭದ್ರತಾ ಸಂಶೋಧಕ ಡ್ಯಾನ್ ಫಾರ್ಮರ್ 2013ರಲ್ಲಿ ಇಂಥ ದೋಷಗಳ ಬಗ್ಗೆ ಎಚ್ಚರಿಸಿದರು. ಅಮೆರಿಕದ ಸರ್ಕಾರಿ ಸೈಬರ್ ಭದ್ರತಾ ಸಂಸ್ಥೆಯೂ ಆ ವರ್ಷ ಪ್ರಕಟಣೆ ಹೊರಡಿಸಿತು.

ಅಪಾಯ ಹಳೆಯದಾಗಿಲ್ಲ. ಅನೇಕ ಕಂಪನಿಗಳ ಸರ್ವರುಗಳಲ್ಲಿ ಬಳಕೆಯಾಗುವ ಎಎಂಐ ಮೆಗಾರ‍್ಯಾಕ್ ಎಂಬ ಬಿಎಂಸಿ ತಂತ್ರಾಂಶದಲ್ಲಿ, ಲಾಗಿನ್ ಇಲ್ಲದೆಯೇ ಒಳನುಗ್ಗಲು ಬಿಡುವ ದೋಷ 2025ರಲ್ಲಿ ಬೆಳಕಿಗೆ ಬಂತು. ಅದಕ್ಕೆ ತೀವ್ರತೆಯ ಹತ್ತಕ್ಕೆ ಹತ್ತು ಅಂಕ. ಹಾಗಾಗಿ ಬಿಎಂಸಿಯನ್ನು ಸಾರ್ವಜನಿಕ ಇಂಟರ್‌ನೆಟ್ಟಿಗೆ ತೆರೆದಿಡುವುದು ಅಕ್ಷಮ್ಯ. ಅದಕ್ಕೆ ಪ್ರತ್ಯೇಕ ಕೇಬಲ್, ಪ್ರತ್ಯೇಕ ಜಾಲ ಇರಬೇಕು. ಖರ್ಚು ಉಳಿಸಲು ಮುಖ್ಯ ಯಂತ್ರದ ನೆಟ್‌ವರ್ಕ್ ಸಾಕೆಟ್ಟನ್ನೇ ಬಿಎಂಸಿಗೂ ಹಂಚುವ ರೂಢಿ ಇದೆ. ಸೀರಿಯಲ್ ಪೋರ್ಟ್ ಹಂಚಿಕೊಂಡರೆ ತೊಂದರೆಯಿಲ್ಲ, ಅದಕ್ಕೆ ಕ್ರಮವಿದೆ. ನೆಟ್‌ವರ್ಕ್ ದಾರಿಯನ್ನು ಹಂಚಿಕೊಂಡರೆ ಎರಡನೆಯ ದಾರಿ ಇದ್ದೂ ಇಲ್ಲದಂತೆ. ಇದು ನನ್ನ ಖಚಿತ ಅಭಿಪ್ರಾಯ.

ಖರೀದಿಸುವವರಿಗೆ ಒಂದು ಮಾತು

ಜಿಲ್ಲಾ ಆಸ್ಪತ್ರೆ, ಸಹಕಾರಿ ಬ್ಯಾಂಕು, ವಿಶ್ವವಿದ್ಯಾಲಯ, ಹಾಲು ಒಕ್ಕೂಟ ಹೀಗೆ ಈಗ ಸ್ವಂತ ಸರ್ವರ್ ಇಲ್ಲದ ಸಂಸ್ಥೆ ಕಡಿಮೆ. ಕೊಳ್ಳುವಾಗ ಪ್ರೊಸೆಸರ್ ಎಷ್ಟು, ಡಿಸ್ಕ್ ಎಷ್ಟು, ವಾರಂಟಿ ಎಷ್ಟು ವರ್ಷ ಎಂದು ಎಲ್ಲರೂ ಕೇಳುತ್ತಾರೆ. ಯಂತ್ರ ಎದ್ದೇಳದ ರಾತ್ರಿ ದೂರದಿಂದ ಒಳಹೋಗುವುದು ಹೇಗೆ ಎಂದು ಕೇಳುವವರು ವಿರಳ. ಬಿಎಂಸಿ ಬಹುತೇಕ ಸರ್ವರುಗಳಲ್ಲಿ ಇದ್ದೇ ಇರುತ್ತದೆ. ಅದಕ್ಕೊಂದು ಕೇಬಲ್ ಹಾಕಿ, ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸಿ, ಬಯೋಸ್‌ನಿಂದ ಲಾಗಿನ್‌ವರೆಗೆ ಒಂದೇ ವೇಗ ಹೊಂದಿಸಿ, ಕನ್ಸೋಲ್ ಹೇಳಿದ್ದೆಲ್ಲ ಬೇರೊಂದು ಯಂತ್ರದಲ್ಲಿ ದಾಖಲಾಗುವಂತೆ ಮಾಡಲು ನುರಿತವರಿಗೆ ಹೆಚ್ಚು ಹೊತ್ತು ಬೇಕಿಲ್ಲ.

ಮುಂದಿನ ಟೆಂಡರಿನಲ್ಲಿ ಈ ಕೆಲಸವನ್ನೂ ಸೇರಿಸಿ. ಮುಗಿದ ಮೇಲೆ, ಎಲ್ಲವೂ ಸರಿಯಿರುವ ಒಂದು ಭಾನುವಾರ, ಸರ್ವರಿನ ನೆಟ್‌ವರ್ಕ್ ಕೇಬಲನ್ನು ಬೇಕೆಂದೇ ಕಳಚಿಸಿ, ನಿಮ್ಮ ಎಂಜಿನಿಯರಿಗೆ ಮನೆಯಿಂದಲೇ ಅದರೊಳಗೆ ಹೋಗಿ ತೋರಿಸಲು ಹೇಳಿ. ಹೋಗಲಾಗದಿದ್ದರೆ ಬಿಲ್ಲು ಪಾಸು ಮಾಡಬೇಡಿ.